ಹದಿನೇಳರ ಹರೆಯಕ್ಕೆ ಒಂದು ಪುಟ

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ಹೈಸ್ಕೂಲು ವಿದ್ಯಾರ್ಥಿ, ತರಗತಿಯ ಹೊರಗೆ ತಾನೇನು ಮಾಡಿದ್ದೇನೆ ಎಂದು ಹೇಳಿಕೊಳ್ಳಲು ‘ಕಾಮನ್ ಆ್ಯಪ್’ ಎಂಬ ಅರ್ಜಿಯಲ್ಲಿ ಹತ್ತು ನಮೂದುಗಳಿಗೆ ಜಾಗವಿದೆ. ಒಂದೊಂದರ ವಿವರಣೆಗೆ 150 ಅಕ್ಷರ. ಪದಗಳ ನಡುವಿನ ತೆರಪು, ಚುಕ್ಕೆ, ಅಲ್ಪವಿರಾಮ ಎಲ್ಲ ಸೇರಿ. ಇಂಗ್ಲಿಷಿನಲ್ಲಿ ಇಪ್ಪತ್ತೈದು ಪದ ಹಿಡಿಸುವುದೂ ಕಷ್ಟ. ಪ್ರಶಸ್ತಿಗಳಿಗೆ ಬೇರೆ ಐದು ಸಾಲು. ನಾಲ್ಕು ವರ್ಷದ ಹೈಸ್ಕೂಲು ಬದುಕು ಇಷ್ಟರಲ್ಲಿ ಮುಗಿಯಬೇಕು. ರೆಸ್ಯೂಮೆಯನ್ನೇ ಪ್ರತ್ಯೇಕವಾಗಿ ಕೇಳುವ ಕಾಲೇಜಿರಲಿ, ಬೇಸಿಗೆ ರಜೆಯಲ್ಲಿ ಕೆಲಸ ಕೊಡುವ ಅಂಗಡಿಯಿರಲಿ, ಅಲ್ಲಿನ ಶಾಲೆಗಳ ಸಲಹೆಗಾರರು ಸಾಮಾನ್ಯವಾಗಿ ಹೇಳಿಕೊಡುವ ಅಳತೆ ಒಂದೇ: ಒಂದು ಪುಟ.

ಈ ಅಳತೆಯನ್ನು ಯಾವ ಕಾನೂನೂ ಗೊತ್ತುಮಾಡಿದ್ದಲ್ಲ. ನೂರು ವರ್ಷಗಳಲ್ಲಿ ಅದು ತಾನಾಗಿ ಬೆಳೆದು ಬಂದಿದೆ. ಬೆಳೆದ ದಾರಿಯ ಮೊದಲ ಹೆಜ್ಜೆಗಳು ಕಹಿಯಾಗಿವೆ. ನವೆಂಬರಿನಿಂದ ಜನವರಿಯವರೆಗೆ, ಅರ್ಜಿಯ ಕೊನೆಯ ದಿನಗಳು ಒಂದರ ಹಿಂದೊಂದು ಬರುವಾಗ, ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೇ ಚಿಂತೆ. ಆದ್ದರಿಂದ ಈ ಪುಟದ ಚರಿತ್ರೆ ನಮಗೂ ಗೊತ್ತಿರಬೇಕು.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹಾರ್ವರ್ಡ್, ಕೊಲಂಬಿಯಾಗಳಂಥ ಕಾಲೇಜುಗಳಿಗೆ ಸೇರುವುದೆಂದರೆ ಪ್ರವೇಶ ಪರೀಕ್ಷೆ ಪಾಸಾಗುವುದು. ಲ್ಯಾಟಿನ್, ಗಣಿತ ಬಲ್ಲವನು ಒಳಗೆ, ಬಾರದವನು ಹೊರಗೆ. ನೀನು ಯಾವ ಸಂಘದ ಕಾರ್ಯದರ್ಶಿಯಾಗಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ಲ್ಯಾಟಿನ್ ಕಲಿಸುವ ಶಾಲೆಗಳು ಉಳ್ಳವರ ಮಕ್ಕಳಿಗೇ ಹೆಚ್ಚಾಗಿ ದಕ್ಕುತ್ತಿದ್ದವು ನಿಜ. ಆದರೆ ಪೂರ್ವ ಯುರೋಪಿನಿಂದ ಬಂದ ಬಡ ಯಹೂದಿ ವಲಸಿಗರ ಮಕ್ಕಳು ಆ ಪರೀಕ್ಷೆಯನ್ನೂ ಚೆನ್ನಾಗಿ ಪಾಸಾದರು. 1922ರ ಹೊತ್ತಿಗೆ ಹಾರ್ವರ್ಡಿನ ಹೊಸ ವಿದ್ಯಾರ್ಥಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ಯಹೂದಿಗಳು. ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಇದು ಹಿಡಿಸಲಿಲ್ಲ. ಅವರ ಸಂಖ್ಯೆಗೆ ಮಿತಿ ಹಾಕಬೇಕೆಂದು ಬಹಿರಂಗವಾಗಿಯೇ ಸೂಚಿಸಿದರು, ಪ್ರತಿಭಟನೆ ಎದ್ದಿತು, ಸೂಚನೆ ಬಿದ್ದುಹೋಯಿತು. ಬಾಗಿಲಲ್ಲಿ ತಡೆಯಲಾಗದ್ದನ್ನು ಅರ್ಜಿ ನಮೂನೆಯಲ್ಲಿ ತಡೆಯುವ ದಾರಿ ಆಮೇಲೆ ಹುಟ್ಟಿತು. ಅದೇ ವರ್ಷದ ನಮೂನೆ ಜನಾಂಗ, ಧರ್ಮ, ತಾಯಿಯ ತವರಿನ ಹೆಸರು, ತಂದೆ ಹುಟ್ಟಿದ ಊರು ಕೇಳಿತು. ನಿನ್ನ ಅಥವಾ ನಿನ್ನ ತಂದೆಯ ಹೆಸರು ಹುಟ್ಟಿದ ಮೇಲೆ ಬದಲಾಗಿದೆಯೇ ಎಂದೂ ಕೇಳಿತು. 1926ರಿಂದ ಮೊದಲ ವರ್ಷಕ್ಕೆ ಸಾವಿರ ಮಂದಿಯ ಮಿತಿ ಬಂತು. ಅದರೊಂದಿಗೆ ‘ಚಾರಿತ್ರ್ಯ’, ‘ವ್ಯಕ್ತಿತ್ವ’ಗಳನ್ನು ತೂಗುವ ಅಧಿಕಾರವೂ ಪ್ರವೇಶ ಸಮಿತಿಗೆ ಸಿಕ್ಕಿತು.

ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ ‘ದಿ ಚೋಸನ್’ ಎಂಬ ದೊಡ್ಡ ಪುಸ್ತಕದಲ್ಲಿ ಇದನ್ನೆಲ್ಲ ಕಾಲೇಜುಗಳ ಸ್ವಂತ ದಾಖಲೆಗಳಿಂದಲೇ ಎತ್ತಿ ತೋರಿಸಿದ್ದಾರೆ. ಪರೀಕ್ಷೆಯಲ್ಲಿ ಗೆದ್ದವನನ್ನು ಹೊರಗಿಡಬೇಕಾದರೆ ಪರೀಕ್ಷೆ ಅಳೆಯಲಾರದ ಗುಣವೊಂದು ಬೇಕಿತ್ತು. ಇಂದು ಮಕ್ಕಳು ನಿದ್ದೆಗೆಟ್ಟು ತುಂಬಿಸುವ ಪಠ್ಯೇತರ ಚಟುವಟಿಕೆಗಳ ಪಟ್ಟಿ ಆ ಬೇಡಿಕೆಯ ನೆರಳಿನಲ್ಲೇ ಬೆಳೆಯಿತು.

ಆ ಪಟ್ಟಿಯಲ್ಲಿ ಏನಿರಬೇಕು ಎಂಬ ಅಚ್ಚು ಮಾತ್ರ ಅದಕ್ಕೂ ಹಳೆಯದು. 1902ರಲ್ಲಿ ತೀರಿಕೊಂಡ ಸೆಸಿಲ್ ರೋಡ್ಸ್ ತನ್ನ ಉಯಿಲಿನಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿವೇತನಕ್ಕೆ ನಾಲ್ಕು ಅರ್ಹತೆ ಹೇಳಿದ್ದ: ಓದು, ಆಟ, ಸತ್ಯ-ಧೈರ್ಯಗಳಂಥ ಗುಣ, ಶಾಲೆಯಲ್ಲಿ ತೋರಿದ ನಾಯಕತ್ವ. ಬರೀ ಪುಸ್ತಕದ ಹುಳು ಬೇಡ ಎಂಬುದು ಅವನ ಪಟ್ಟು. ಈ ಅಳತೆಗೋಲು ಧಾರವಾಡದವರೆಗೂ ಬಂತು. ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು ರೋಡ್ಸ್ ಸ್ಕಾಲರ್ ಆಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು, ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಅಮೆರಿಕದ ಹೈಸ್ಕೂಲುಗಳಲ್ಲಿ 1921ರಲ್ಲಿ ಶುರುವಾದ ನ್ಯಾಷನಲ್ ಆನರ್ ಸೊಸೈಟಿಯ ನಾಲ್ಕು ಕಂಬಗಳೂ ಹೆಚ್ಚುಕಡಿಮೆ ಅವೇ: ಓದು, ಸೇವೆ, ನಾಯಕತ್ವ, ಚಾರಿತ್ರ್ಯ. ಮುಂದೆ ಸೇವೆಗೂ ಗಂಟೆಯ ಲೆಕ್ಕ ಬಂತು. ಹೈಸ್ಕೂಲು ಮುಗಿಸಲು 75 ಗಂಟೆ ಸೇವೆ ಮಾಡಿರಲೇಬೇಕೆಂಬ ನಿಯಮವನ್ನು ಮೇರಿಲ್ಯಾಂಡ್ ರಾಜ್ಯ 1992ರಲ್ಲಿ ತಂದಿತು.

ಹೀಗೆ ತುಂಬಿಸುವ ಸಾಮಗ್ರಿ ಬೆಳೆಯುತ್ತ ಹೋಯಿತು, ಓದುವವರ ಸಮಯ ಕರಗುತ್ತ ಹೋಯಿತು. 1975ರಲ್ಲಿ 15 ಖಾಸಗಿ ಕಾಲೇಜುಗಳು ಸೇರಿ ಒಂದೇ ಅರ್ಜಿ ನಮೂನೆ ಸಾಕೆಂದು ಒಪ್ಪಿಕೊಂಡವು. ಒಮ್ಮೆ ತುಂಬಿ, ನಕಲು ತೆಗೆದು, ಎಲ್ಲ ಕಡೆ ಕಳಿಸಬಹುದಿತ್ತು. ಕಾಮನ್ ಆ್ಯಪ್ ಹುಟ್ಟಿದ್ದು ಹೀಗೆ. 1998ರಲ್ಲಿ ಅದು ಇಂಟರ್‌ನೆಟ್ಟಿಗೆ ಬಂತು. ಇಂದು ಅದನ್ನು ಒಪ್ಪುವ ಕಾಲೇಜುಗಳು ಸಾವಿರಕ್ಕೂ ಹೆಚ್ಚು. ಅರ್ಜಿ ಹಾಕುವುದು ಸುಲಭವಾದಂತೆ ಅರ್ಜಿಗಳ ರಾಶಿ ಏರಿತು. 2023ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರವೇಶದ ಬಗ್ಗೆ ಕೊಟ್ಟ ತೀರ್ಪಿನಲ್ಲೇ ಈ ಲೆಕ್ಕವಿದೆ: ಒಂದು ವರ್ಷಕ್ಕೆ 60,000ಕ್ಕೂ ಹೆಚ್ಚು ಅರ್ಜಿ, ಸೀಟು ಸಿಕ್ಕಿದ್ದು 2,000ಕ್ಕಿಂತ ಕಡಿಮೆ ಮಂದಿಗೆ. ಒಂದು ಅರ್ಜಿಗೆ ಹತ್ತು ನಿಮಿಷವೂ ಸಿಗದ ಕಾಲೇಜುಗಳಿವೆ. ಉದ್ಯೋಗದ ರೆಸ್ಯೂಮೆಗಳ ಸ್ಥಿತಿ ಇನ್ನೂ ಬಿಗಿ. ಓದುವವರ ಕಣ್ಣಿನ ಚಲನೆಯನ್ನು ಅಳೆದು ‘ದಿ ಲ್ಯಾಡರ್ಸ್’ ಎಂಬ ಸಂಸ್ಥೆ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮೊದಲ ನೋಟಕ್ಕೆ ಸಿಗುವುದು ಸುಮಾರು ಆರು ಸೆಕೆಂಡು. ಎರಡನೆಯ ಪುಟದವರೆಗೆ ಹೋಗಲು ಯಾರಿಗೆ ಪುರುಸೊತ್ತಿದೆ? ಒಂದು ಪುಟದ ಶಿಸ್ತು ಬಂದದ್ದು ಓದುವವರ ಮೇಜಿನಿಂದ.

ಅಂಕವಲ್ಲದ ಗುಣಗಳನ್ನು ಲೆಕ್ಕಕ್ಕೆ ತರಬೇಕೆ ಎಂಬ ಪ್ರಶ್ನೆ ನಮ್ಮ ನೆಲದಲ್ಲೂ ಎದ್ದಿತ್ತು ಎಂಬುದು ಈಗ ಬಹುಮಂದಿಗೆ ಮರೆತಿದೆ. 1963ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳ ಆಯ್ಕೆಯಲ್ಲಿ ಸಂದರ್ಶನಕ್ಕೂ ಅಂಕ ಇಟ್ಟಿತು. ಆ ಅಂಕ ಕೊಡಲು ನೋಡಬೇಕಾದವು: ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಹಿಂದಿನ ಓದು, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ. ಅಮೆರಿಕದ ಹುಡುಗನ ರೆಸ್ಯೂಮೆಯ ತಲೆಬರಹಗಳೇ ಇವು! ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದೂ ಸಂದರ್ಶನದಲ್ಲಿ ಸೀಟು ತಪ್ಪಿಸಿಕೊಂಡವರು ಕೋರ್ಟಿಗೆ ಹೋದರು. 1964ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾನೂನು ವಿದ್ಯಾರ್ಥಿಗಳು ಚಿತ್ರಲೇಖಾ ಪ್ರಕರಣವೆಂದು ಇಂದಿಗೂ ಓದುವ ತೀರ್ಪಿನಲ್ಲಿ, ಸಂದರ್ಶನದ ಪದ್ಧತಿಯನ್ನು ಬಹುಮತದಿಂದ ಎತ್ತಿಹಿಡಿಯಿತು. ಕೋರ್ಟು ಒಪ್ಪಿದರೂ ಜನರ ಮನಸ್ಸು ಒಪ್ಪಲಿಲ್ಲ. ಅಂಕವಲ್ಲದ ಯಾವುದನ್ನು ಲೆಕ್ಕಕ್ಕೆ ತಂದರೂ ಅದರ ಹಿಂದೆ ವಶೀಲಿ ನುಸುಳುತ್ತದೆ ಎಂಬ ಅನುಮಾನ ಗಟ್ಟಿಯಾಯಿತು. ಡೊನೇಷನ್ ಹಾವಳಿ ಅದನ್ನು ಇನ್ನಷ್ಟು ಬೆಳೆಸಿತು. 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು, 1992ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಆ ಶುಲ್ಕವೇ ಸಂವಿಧಾನಬಾಹಿರ ಎಂದಿತು, 1994ರಲ್ಲಿ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಅಲ್ಲಿಂದ ಸಿಇಟಿಯ ಎಂಜಿನಿಯರಿಂಗ್ ಸೀಟಿಗೆ ರ‍್ಯಾಂಕ್ ಒಂದೇ ಮಾತು. ತೀರ್ಥಹಳ್ಳಿಯ ಹುಡುಗಿ ಶಿಫಾರಸಿಲ್ಲದೆ ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ಕಾಲಿಡಲು ಈ ಒಣ ಲೆಕ್ಕವೇ ದಾರಿ ಮಾಡಿತು. ಸಿಇಟಿಯ ಬಗ್ಗೆ ನನಗಿರುವ ಗೌರವ ಇದರಿಂದಲೇ. ಅದೇ ಹುಡುಗಿ ಊರಿನ ಮೇಳದಲ್ಲಿ ವರ್ಷಗಟ್ಟಲೆ ಚೆಂಡೆ ಬಾರಿಸಿದ್ದರೆ ಅದನ್ನು ಹೇಳಿಕೊಳ್ಳಲು ಅಲ್ಲೊಂದು ಸಾಲೂ ಇಲ್ಲ ಎಂಬ ದುಃಖವೂ ನನಗಿದೆ.

ಅಮೆರಿಕ ಆ ಪುಟವನ್ನು ಎಸೆಯಲಿಲ್ಲ, ಕತ್ತರಿಸಲು ಹೊರಟಿದೆ. ಕತ್ತರಿಸಲು ಕಾರಣವೂ ಇದೆ. ತಿಂಗಳುಗಟ್ಟಲೆ ಶುಲ್ಕ ತೆಗೆದುಕೊಳ್ಳುವ ಖಾಸಗಿ ಸಲಹೆಗಾರರು, ದುಬಾರಿ ಬೇಸಿಗೆ ಶಿಬಿರಗಳು, ಹೆಸರಿಗಷ್ಟೇ ಹುಟ್ಟುವ ಸೇವಾಸಂಸ್ಥೆಗಳು ಸೇರಿ ಹಣವಿರುವ ಮನೆಯ ಮಗುವಿನ ಪಟ್ಟಿಯನ್ನು ಎಷ್ಟು ಉದ್ದಕ್ಕೆ ಬೇಕಾದರೂ ಎಳೆಯಬಲ್ಲವು. ಹಾರ್ವರ್ಡಿನ ಶಿಕ್ಷಣ ವಿಭಾಗದ ಒಂದು ಯೋಜನೆ 2016ರಲ್ಲಿ ‘ಟರ್ನಿಂಗ್ ದಿ ಟೈಡ್’ ಎಂಬ ವರದಿ ತಂದು, ನಾಲ್ಕಕ್ಕಿಂತ ಹೆಚ್ಚು ಚಟುವಟಿಕೆಗಳಿಗೆ ಜಾಗವನ್ನೇ ಕೊಡಬೇಡಿ ಎಂದು ಕಾಲೇಜುಗಳಿಗೆ ಸೂಚಿಸಿತು. ತಮ್ಮ-ತಂಗಿಯರನ್ನು ನೋಡಿಕೊಳ್ಳುವುದು, ಮನೆ ಖರ್ಚಿಗಾಗಿ ದುಡಿಯುವುದು ಕೂಡ ಸೇವೆಯಷ್ಟೇ ತೂಕದ್ದು ಎಂದಿತು. ಎಂಐಟಿ ತನ್ನ ಅರ್ಜಿಯಲ್ಲಿ ಕೇಳುವುದು ಮುಖ್ಯವಾದ ನಾಲ್ಕೇ ಚಟುವಟಿಕೆ. ಕಾಮನ್ ಆ್ಯಪ್‌ನ ಪಟ್ಟಿಯಲ್ಲಿ ಸಂಬಳದ ಕೆಲಸಕ್ಕೂ ಮನೆಯ ಜವಾಬ್ದಾರಿಗೂ ಈಗ ಪ್ರತ್ಯೇಕ ವಿಭಾಗಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಇಪ್ಪತ್ತರವರೆಗೆ ಬರೆಯಲು ಬಿಡುತ್ತದೆ, ಒಂದೊಂದಕ್ಕೆ 350 ಅಕ್ಷರ. ಇಪ್ಪತ್ತು ಕಂಡೊಡನೆ ಇಪ್ಪತ್ತನ್ನೂ ತುಂಬಲೇಬೇಕೆಂದು ಮಕ್ಕಳಿಗೆ ಅನಿಸುತ್ತದೆ. ಅದಕ್ಕೇ ಇದು ನನಗೆ ಸರಿಕಾಣುವುದಿಲ್ಲ.

ಇಷ್ಟಾದರೂ ವ್ಯಕ್ತಿತ್ವವನ್ನು ತೂಗುವುದು ಹೇಗೆ ಎಂಬ ಹಳೆಯ ಪ್ರಶ್ನೆ ಪೂರ್ತಿ ಸತ್ತಿಲ್ಲ. 2023ರ ಆ ತೀರ್ಪಿಗೆ ಕಾರಣವಾದ ಹಾರ್ವರ್ಡ್ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆಗಳ ಪ್ರಕಾರ ಅಲ್ಲಿ ಓದು, ಪಠ್ಯೇತರ ಚಟುವಟಿಕೆ, ಆಟ, ವ್ಯಕ್ತಿತ್ವಗಳಿಗೆ ಬೇರೆ ಬೇರೆ ಶ್ರೇಣಿ ಕೊಡುತ್ತಿದ್ದರು. ಏಷ್ಯಾ ಮೂಲದ ಮಕ್ಕಳಿಗೆ ವ್ಯಕ್ತಿತ್ವದ ಶ್ರೇಣಿ ಸರಾಸರಿಯಲ್ಲಿ ಬಿಳಿಯರಿಗಿಂತ ಕಡಿಮೆ ಬಿದ್ದಿತ್ತು. ಬೇಕೆಂದೇ ಮಾಡಿದ ತಾರತಮ್ಯ ಇದಲ್ಲ ಎಂದು ಕೆಳ ನ್ಯಾಯಾಲಯ 2019ರಲ್ಲಿ ಹೇಳಿತು. ನಾಲ್ಕು ವರ್ಷದ ನಂತರ ಅಮೆರಿಕದ ಸುಪ್ರೀಂ ಕೋರ್ಟು, ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಆ ಪ್ರವೇಶ ಪದ್ಧತಿಯನ್ನೇ ರದ್ದುಮಾಡಿತು. ವ್ಯಕ್ತಿತ್ವವನ್ನು ತೂಗುವ ಕೆಲಸ ಎಷ್ಟು ಸೂಕ್ಷ್ಮವೆಂದು ತೋರಿಸಲು ಇಷ್ಟು ಸಾಕು.

ಈ ವರ್ಷ ಅರ್ಜಿ ತುಂಬುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಒಂದು ಪುಟಕ್ಕೆ ನಿಲ್ಲಿಸಲು ಬಿಡಿ. ಹತ್ತರಲ್ಲಿ ಆರೇ ತುಂಬಿದರೆ ಆರನ್ನೇ ಕಳಿಸಿ. ಒಂದು ದಿನ ಹೋಗಿ ಫೋಟೊ ತೆಗೆಸಿಕೊಂಡು ಬಂದ ಶಿಬಿರವನ್ನು ಬಿಟ್ಟುಬಿಡಿ. ಅಪ್ಪನ ಅಂಗಡಿಯ ಲೆಕ್ಕ ಬರೆದದ್ದು, ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದದ್ದು, ಅಜ್ಜಿಯ ಜೊತೆ ವಾರವಾರ ಆಸ್ಪತ್ರೆಗೆ ಹೋದದ್ದು ನಿಜವಾಗಿದ್ದರೆ ಅದನ್ನು ಮೇಲಿನ ಸಾಲಿನಲ್ಲೇ ಬರೆಯಲು ಹೇಳಿ.