ನಿಮಗಿದು ಗೊತ್ತೆ? ಆಪರೇಷನ್ ಜ್ವರಕ್ಕೆ ರೋಗಾಣು ಬೇಕಿಲ್ಲ!

ಆಪರೇಷನ್ ಆದ ಮೊದಲ 48 ಗಂಟೆಗಳಲ್ಲಿ ಬರುವ ಜ್ವರಕ್ಕೆ ಬಹಳಷ್ಟು ಸಲ ಯಾವ ರೋಗಾಣುವೂ ಕಾರಣವಲ್ಲ. ಗಾಯವೇ ಕಾರಣ. ಕತ್ತರಿ ತಾಗಿದ ಜಾಗದಿಂದ ಇಂಟರ್‌ಲ್ಯೂಕಿನ್-6ರಂಥ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ. ಅವುಗಳ ಸುಳಿವು ಸಿಕ್ಕ ಮಿದುಳು ಮೈ ಕಾವು ಏರಿಸುತ್ತದೆ. ಗಾಯ ದೊಡ್ಡದಾದಷ್ಟೂ ಜ್ವರದ ಸಾಧ್ಯತೆ ಹೆಚ್ಚು. ಕೀಹೋಲ್ ಸರ್ಜರಿಯಲ್ಲಿ ಕಡಿಮೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ದಶಕಗಳ ಕಾಲ ಈ ಜ್ವರದ ಅಪವಾದ ಹೊತ್ತಿದ್ದು, ಪಾಪ, ಶ್ವಾಸಕೋಶ! ಮಲಗಿದಲ್ಲೇ ಅದರ ಗಾಳಿಗೂಡುಗಳು ಮುದುಡಿ ಜ್ವರ ಬರುತ್ತದೆ ಎಂದು ವೈದ್ಯ ವಿದ್ಯಾರ್ಥಿಗಳು ಉರು ಹೊಡೆದರು. 2011ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟಿಗೆ ಜಾಲಾಡಿದಾಗ ಆ ನಂಟಿಗೆ ಪುರಾವೆ ಸಿಗಲಿಲ್ಲ.

ಹಾಗಾಗಿ ವೈದ್ಯರು ಸಾಲುಸಾಲು ಟೆಸ್ಟ್ ಬರೆಯುವ ಮೊದಲು ರೋಗಿಯನ್ನೇ ನೋಡುತ್ತಾರೆ: ನಾಡಿ, ಬಿಪಿ, ಉಸಿರು, ಗಾಯ. ಹೊಲಿಗೆಯ ಸೋಂಕು ಸಾಮಾನ್ಯವಾಗಿ ತಲೆಯೆತ್ತುವುದು ನಾಲ್ಕೈದು ದಿನ ಕಳೆದ ಮೇಲೆ. ಆದರೆ ಸ್ಟ್ರೆಪ್ಟೊಕಾಕಸ್, ಕ್ಲಾಸ್ಟ್ರಿಡಿಯಂ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಈ ಕ್ಯಾಲೆಂಡರ್ ಲೆಕ್ಕಕ್ಕಿಲ್ಲ. ಗಂಟೆಗಳಲ್ಲೇ ಗಾಯ ಕೆಡಿಸಬಲ್ಲವು. ನೋವು ವಿಪರೀತವಾದರೆ ಮೊದಲ ದಿನವೇ ಬ್ಯಾಂಡೇಜ್ ಬಿಚ್ಚಿ ನೋಡುವುದು ಅದಕ್ಕೇ.