ನಿಮಗಿದು ಗೊತ್ತೆ? ವ್ಯಸನಗಳನ್ನೇ ಬೇಡಿದ ಜೋಳಿಗೆ

ರೋಣ, ನರಗುಂದ, ಗಜೇಂದ್ರಗಡಗಳಿಗೆ ಬಹು ದೂರವಲ್ಲದ ಇಳಕಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆಯನ್ನು ಹೆಗಲಿಗೇರಿಸಿ, ಮನೆಮನೆಯ ಬಾಗಿಲಲ್ಲಿ ನಿಂತು, ಧಾನ್ಯವನ್ನಾಗಲಿ ದ್ರವ್ಯವನ್ನಾಗಲಿ ಬಯಸದೆ ಜನರ ದುರ್ವ್ಯಸನಗಳನ್ನೇ ಭಿಕ್ಷೆಯಾಗಿ ಯಾಚಿಸತೊಡಗಿದರೆಂಬುದೂ, ಅವರ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ‘ವ್ಯಸನಮುಕ್ತ ದಿನ’ವಾಗಿ ಆಚರಿಸಲ್ಪಡುತ್ತಿರುವುದೂ ನಮ್ಮ ತರುಣರೆಲ್ಲರೂ ಅರಿತಿರಬೇಕಾದ ಸಂಗತಿ.

ದಂಡನೆಗಿಂತ ಮನಃಪರಿವರ್ತನೆ ಮೇಲೆಂಬ ಈ ಭಾವ ಅನ್ಯ ರಾಷ್ಟ್ರಗಳ ನೀತಿಯಲ್ಲಿಯೂ ಕಾಣುತ್ತದೆ. ಸ್ವಂತ ಬಳಕೆಗೆಂದು ಹತ್ತು ದಿನಗಳ ಪ್ರಮಾಣವನ್ನು ಮೀರದಷ್ಟು ಮಾದಕವಸ್ತುವನ್ನು ಇರಿಸಿಕೊಂಡವನನ್ನು ಪೋರ್ಚುಗಲ್ 2001ರಿಂದ ಸೆರೆಮನೆಗಟ್ಟದೆ, ಬುದ್ಧಿ ಹೇಳಿ ಚಿಕಿತ್ಸೆಗೆ ಒಲಿಸುವ ಮಂಡಳಿಯ ಮುಂದೆ ನಿಲ್ಲಿಸುತ್ತದೆ. ಐಸ್‌ಲ್ಯಾಂಡಿನದು ಬೇರೆ ಹಾದಿ: ಮಕ್ಕಳ ಸಂಜೆಗಳನ್ನು ಕ್ರೀಡೆ, ಸಂಗೀತಗಳಿಂದ ತುಂಬಿಸಿದ ಆ ನಾಡಿನಲ್ಲಿ, ಹಿಂದಿನ ತಿಂಗಳಲ್ಲಿ ಮದ್ಯದಿಂದ ಮತ್ತರಾಗಿದ್ದ 15–16ರ ವಯಸ್ಸಿನವರ ಪ್ರಮಾಣ 1998ರಲ್ಲಿ ಶೇ 42 ಇದ್ದುದು 2016ರ ವೇಳೆಗೆ ಶೇ 5ಕ್ಕೆ ಇಳಿಯಿತು.

ನಮ್ಮ 1985ರ ಮಾದಕವಸ್ತು ಕಾಯಿದೆ ಕಠೋರವೆಂಬುದು ನಿಜ. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೊಳಗಾದ ವ್ಯಸನಿಯು ಸ್ವ-ಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದರೆ ಅವನನ್ನು ಅಭಿಯೋಗದಿಂದ ಮುಕ್ತಗೊಳಿಸುವ 64ಎ ಕಲಮು ಅದರಲ್ಲಿಯೇ ಇದೆ. ಇಷ್ಟು ಕಾರುಣ್ಯಪೂರ್ಣವಾದ ವಿಧಿ ಹಳ್ಳಿಯ ತಾಯ್ತಂದೆಯರಿಗೆ ತಿಳಿಯದಿರುವುದು ದುಃಖಕರ. ಮಗನ ನಡೆಯಲ್ಲಿ ಸಂಶಯ ಮೂಡಿದ ಪಾಲಕರು ಮಾನಕ್ಕಂಜಿ ಮುಚ್ಚಿಡದೆ, ರಾಷ್ಟ್ರೀಯ ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಬೇಕು.