ಮೊದಲ ಸಾಲಿಗೇ ಒಂದು ವೃತ್ತ

ಬಿಳಿ ಪರದೆಯ ಎಡಗಡೆ 'ಸರ್ಕಲ್' ಎಂಬ ಪದ, ಅದರ ಮುಂದೆ ಕಂಸದೊಳಗೆ ಮೂರು ಅಂಕಿ: 200, 200, 50. ಗುಂಡಿ ಒತ್ತಿದರೆ ಬಲಗಡೆ ಒಂದು ವೃತ್ತ ಮೂಡುತ್ತದೆ. ಮೊದಲ ಅಂಕಿಯನ್ನು 300 ಮಾಡಿದರೆ ವೃತ್ತ ಬಲಕ್ಕೆ ಸರಿಯುತ್ತದೆ. ಎರಡನೆಯದನ್ನು ಹೆಚ್ಚಿಸಿದರೆ ಅದು ಮೇಲೇರುವುದಿಲ್ಲ, ಕೆಳಗಿಳಿಯುತ್ತದೆ. ಶಾಲೆಯ ಗ್ರಾಫ್ ಹಾಳೆಯ ರೂಢಿಗೆ ಇದು ತದ್ವಿರುದ್ಧ. ಇಲ್ಲಿ ಎಣಿಕೆ ಶುರುವಾಗುವುದು ಮೇಲಿನ ಎಡ ಮೂಲೆಯಿಂದ, ನಾವು ಪತ್ರ ಬರೆಯಲು ಪೆನ್ನು ಊರುವ ಜಾಗದಿಂದಲೇ. ಮೂರನೆಯ ಅಂಕಿ ವ್ಯಾಸ. ಇದನ್ನೆಲ್ಲ ಯಾರೂ ವಿವರಿಸಬೇಕಾಗಿಲ್ಲ. ಅಂಕಿ ಬದಲಿಸಿ ನೋಡುತ್ತಾ ಕೂತರೆ ಹತ್ತು ನಿಮಿಷದಲ್ಲಿ ಕಣ್ಣೇ ಹೇಳಿಕೊಡುತ್ತದೆ.

ನಾನು ಪ್ರೋಗ್ರಾಮಿಂಗ್ ಕಲಿತದ್ದು ಹೀಗಲ್ಲ. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತು, ರೆಕಾರ್ಡ್ ಪುಸ್ತಕದಲ್ಲಿದ್ದುದನ್ನು ನೀಲಿ ಪರದೆಗೆ ಇಳಿಸುತ್ತಿದ್ದೆವು. ಅವಿಭಾಜ್ಯ ಸಂಖ್ಯೆಗಳ ಪಟ್ಟಿ, ಫಿಬೊನಾಚಿ ಸರಣಿ, ಮೂರರಲ್ಲಿ ದೊಡ್ಡ ಸಂಖ್ಯೆ ಯಾವುದು. ಔಟ್‌ಪುಟ್ ಬಂದರೆ ಸಹಿ ಬೀಳುತ್ತಿತ್ತು. ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ 'ಫಾರ್ ಲೂಪ್' ಒಂದು ವರ್ಷ ಬರೆದರೂ ಅದು ಒಳಗೆ ಏನು ಮಾಡುತ್ತದೆಂಬುದು ನನಗೆ ಕಂಡಿರಲಿಲ್ಲ. ಕಂಡದ್ದು ಒಂದು ಸಂಜೆ, ಗೆಳೆಯನೊಬ್ಬ ಚಿತ್ರ ಬರೆಸುವ, ಸಿಲಬಸ್ಸಿನಲ್ಲಿಲ್ಲದ 'ಗ್ರಾಫಿಕ್ಸ್ ಡಾಟ್ ಎಚ್' ಎಂಬ ಕಡತ ಸೇರಿಸಿ, ಅದೇ ಲೂಪಿನಿಂದ ಒಂದರ ಹೊರಗೊಂದು ನಲವತ್ತು ವೃತ್ತ ಎಳೆದಾಗ. ಕೆರೆಗೆ ಕಲ್ಲೆಸೆದಂತಿತ್ತು ಆ ಪರದೆ. ಪ್ರತಿ ಸುತ್ತಿಗೂ ತ್ರಿಜ್ಯ ಐದೈದು ಹೆಚ್ಚುತ್ತಿದೆ, ಅದಕ್ಕೇ ಅಲೆ ಹರಡುತ್ತಿದೆ ಎಂದು ಗೊತ್ತಾದ ಆ ಕ್ಷಣ ಇವತ್ತಿಗೂ ನೆನಪಿದೆ.

ನಮಗೆ ಆಕಸ್ಮಿಕವಾಗಿ ಸಿಕ್ಕಿದ್ದನ್ನೇ ಪಾಠಕ್ರಮವಾಗಿ ಕಟ್ಟಿದವರು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನವರು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಜಾನ್ ಮಾಯೆಡಾ 1999ರಲ್ಲಿ 'ಡಿಸೈನ್ ಬೈ ನಂಬರ್ಸ್' ಎಂಬ ಪುಸ್ತಕವನ್ನೂ ಅದೇ ಹೆಸರಿನ ಪುಟ್ಟ ಭಾಷೆಯನ್ನೂ ಹೊರತಂದರು. ಅವರ ಗುರಿ ಎಂಜಿನಿಯರುಗಳಲ್ಲ, ಚಿತ್ರಕಾರರು, ವಿನ್ಯಾಸಕಾರರು. ಅದರಲ್ಲಿದ್ದುದು ನೂರಕ್ಕೆ ನೂರು ಚುಕ್ಕಿಗಳ ಒಂದು ಹಾಳೆ ಮತ್ತು ಬಿಳಿಯಿಂದ ಕಪ್ಪಿನವರೆಗಿನ ಬೂದು ಛಾಯೆಗಳು. 'ಪೇಪರ್' ಎಂದರೆ ಹಾಳೆ, 'ಪೆನ್' ಎಂದರೆ ಶಾಯಿ ಎಷ್ಟು ಗಾಢ, 'ಲೈನ್' ಎಂದರೆ ಗೆರೆ. ಬಣ್ಣವೂ ಇಲ್ಲ. ಕಲಿಯುವವನ ಮುಂದೆ ಕಡಿಮೆ ಸಾಮಾನು ಇಟ್ಟಷ್ಟೂ ಅವನ ಕೈ ಹೆಚ್ಚು ಆಡುತ್ತದೆ ಎಂಬ ಈ ನಂಬಿಕೆ ನನಗೆ ಬಹಳ ಸರಿ ಎನಿಸುತ್ತದೆ.

ಮಾಯೆಡಾ ಅವರ ಇಬ್ಬರು ವಿದ್ಯಾರ್ಥಿಗಳು, ಕೇಸಿ ರೀಸ್ ಮತ್ತು ಬೆನ್ ಫ್ರೈ, 2001ರಲ್ಲಿ ಇದನ್ನು ದೊಡ್ಡದು ಮಾಡಲು ಹೊರಟರು. ಅದೇ 'ಪ್ರೊಸೆಸಿಂಗ್'. ಇದು ಉಚಿತ, ಮುಕ್ತ ತಂತ್ರಾಂಶ; ಒಳಗೆ ಓಡುವುದು ಜಾವಾ ಭಾಷೆ. ಇದರಲ್ಲಿ ಬರೆದ ಪ್ರೋಗ್ರಾಮಿಗೆ 'ಸ್ಕೆಚ್' ಎಂದು ಹೆಸರು, ಅವನ್ನು ಇಡುವ ಫೋಲ್ಡರಿಗೆ 'ಸ್ಕೆಚ್‌ಬುಕ್'. ಕರಡು ಚಿತ್ರ ಎಂದಮೇಲೆ ಅಳಿಸಬಹುದು, ತಿದ್ದಬಹುದು, ಅರ್ಧಕ್ಕೆ ಬಿಡಬಹುದು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆರ್ಡುಯಿನೊ ಬೋರ್ಡಿಗೆ ಬರೆಯುವ ಪ್ರೋಗ್ರಾಮನ್ನೂ ಸ್ಕೆಚ್ ಎನ್ನುತ್ತಾರಲ್ಲ, ಆ ಪದ ಅಲ್ಲಿಗೆ ಬಂದದ್ದು ಈ ಮನೆಯಿಂದಲೇ. ಅಳತೆ ಹೇಳದೆ ಸ್ಕೆಚ್ ಓಡಿಸಿದರೆ ಇವತ್ತಿಗೂ ತೆರೆದುಕೊಳ್ಳುವುದು ನೂರಕ್ಕೆ ನೂರರ ಕಿಟಕಿ, ಗುರುವಿನ ಹಾಳೆಯದೇ ಅಳತೆ.

ಸ್ಕೆಚ್ಚಿಗೆ ಎರಡು ಭಾಗ. 'ಸೆಟಪ್' ಒಂದೇ ಸಲ ನಡೆಯುತ್ತದೆ. 'ಡ್ರಾ' ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮರುಕಳಿಸುತ್ತದೆ. ವೃತ್ತವನ್ನು ಮೌಸಿನ ಜೊತೆ ಓಡಾಡಿಸಲು ಹೊರಟ ಹೊಸಬರೆಲ್ಲ ಇಲ್ಲಿ ಒಂದು ತಪ್ಪು ಮಾಡುತ್ತಾರೆ. ಪ್ರತಿ ಸುತ್ತಿನಲ್ಲೂ ಹಿಂದಿನ ಚಿತ್ರವನ್ನು ಒರೆಸಲು 'ಬ್ಯಾಕ್‌ಗ್ರೌಂಡ್' ಎಂದು ಬರೆಯಬೇಕು, ಬರೆಯುವುದಿಲ್ಲ. ವೃತ್ತಗಳು ಒಂದರ ಮೇಲೊಂದು ಬಿದ್ದು ಮೌಸು ಹೋದಲ್ಲೆಲ್ಲ ಹಾವಿನಂತೆ ಬಾಲ ಬೆಳೆಯುತ್ತದೆ. ಬೇಕಾದದ್ದು ಬರಲಿಲ್ಲ, ಆದರೆ ಬಂದದ್ದು ಕುಂಚ! ಪರದೆ ತನ್ನಷ್ಟಕ್ಕೆ ಏನನ್ನೂ ಅಳಿಸುವುದಿಲ್ಲ ಎಂಬ ಸತ್ಯ ಆ ಬಾಲದಲ್ಲಿದೆ. ನನ್ನ ಲ್ಯಾಬಿನಲ್ಲಿ ತಪ್ಪೆಂದರೆ ಓದಲಾಗದ ಒಂದು ಸಾಲು ಸಂದೇಶವಾಗಿತ್ತು. ಇಲ್ಲಿ ತಪ್ಪಿಗೆ ಆಕಾರವಿದೆ, ಅದನ್ನು ನೋಡಿ ಕಾರಣ ಹುಡುಕಬಹುದು. ಈ ದಾರಿಯ ಬಗ್ಗೆ ನನಗಿರುವ ಪ್ರೀತಿಯೆಲ್ಲ ಇದೊಂದರಿಂದಲೇ ಹುಟ್ಟಿದ್ದು.

ಲಾರೆನ್ ಮೆಕಾರ್ಥಿ 2013ರಲ್ಲಿ ಇದನ್ನೇ ಜಾವಾಸ್ಕ್ರಿಪ್ಟಿಗೆ ತಂದು 'ಪಿ5 ಡಾಟ್ ಜೆಎಸ್' ಶುರು ಮಾಡಿದ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಬ್ರೌಸರಿದ್ದರೆ ಸಾಕು. ಕನ್ನಡಿಗರಿಗೆ ಇದರಲ್ಲೊಂದು ಲಾಭವಿದೆ. ಜಾವಾಸ್ಕ್ರಿಪ್ಟಿನಲ್ಲಿ ನಾವು ಕೊಡುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. 'ಸರ್ಕಲ್', 'ಫಾರ್' ಮುಂತಾದ ಆಜ್ಞೆಗಳು ಇಂಗ್ಲಿಷಿನವೇ ಆಗಿರಬೇಕು, ನಿಜ. ಆದರೆ ಅಂಕಿ ಇಡುವ ಡಬ್ಬಿಗೆ 'ಬಣ್ಣ', 'ಸಾಲು', 'ಅಗಲ' ಎಂದು ಹೆಸರಿಟ್ಟರೆ ಯಂತ್ರ ತಕರಾರು ಮಾಡುವುದಿಲ್ಲ. ಕನ್ನಡ ಮಾಧ್ಯಮದ ಮಗುವಿಗೆ ಅರ್ಧ ಅಂಜಿಕೆ ಅಲ್ಲೇ ಹೋಗುತ್ತದೆ.

ಈ ಕನ್ನಡದ ಹೆಸರುಗಳನ್ನಿಟ್ಟುಕೊಂಡು ಹೊಸಬರು ಮಾಡಲೇಬೇಕಾದ ಒಂದು ಚಿತ್ರವಿದೆ. ಜರ್ಮನಿಯ ಗೇಯೊರ್ಗ್ ನೇಸ್ 1965ರಲ್ಲೇ ಸ್ಟುಟ್‌ಗಾರ್ಟಿನಲ್ಲಿ ಕಂಪ್ಯೂಟರ್ ಬರೆದ ಚಿತ್ರಗಳ ಪ್ರದರ್ಶನ ಮಾಡಿದವರು. 1968ರ ಸುಮಾರಿನ ಅವರ 'ಶೋಟರ್' ಚಿತ್ರದ ಒಂದು ಪ್ರತಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಶೋಟರ್ ಎಂದರೆ ಜಲ್ಲಿ. ಅಡ್ಡಕ್ಕೆ 12, ಉದ್ದಕ್ಕೆ 22, ಒಟ್ಟು 264 ಚೌಕಗಳು. ಮೇಲಿನವು ಗಾರೆಯವನು ಹಗ್ಗ ಹಿಡಿದು ಜೋಡಿಸಿದಂತೆ ಸಾಲಾಗಿವೆ. ಕೆಳಗಿಳಿದಂತೆ ಅಲುಗುತ್ತವೆ, ವಾಲುತ್ತವೆ, ಕೊನೆಗೆ ಲಾರಿಯಿಂದ ಸುರಿದ ಜಲ್ಲಿಯಂತೆ ಚೆಲ್ಲಾಡುತ್ತವೆ.

ಇದನ್ನು ಮತ್ತೆ ಕಟ್ಟಲು ಲೂಪಿನೊಳಗೊಂದು ಲೂಪ್ ಬೇಕು, ಹೊರಗಿನದು 'ಸಾಲು', ಒಳಗಿನದು 'ಚೌಕ'. ಜೊತೆಗೆ ಮೈನಸ್ ಒಂದರಿಂದ ಒಂದರ ನಡುವೆ ಅಡ್ಡಾದಿಡ್ಡಿ ಸಂಖ್ಯೆ ಕೊಡುವ 'ರ್ಯಾಂಡಮ್'. ಆ ಸಂಖ್ಯೆಯನ್ನು 'ಸಾಲು' ಅಂಕಿಯಿಂದ ಗುಣಿಸಿದರೆ ಬರುವುದೇ 'ಅಲುಗಾಟ'. ಪ್ರೋಗ್ರಾಮರುಗಳು ಎಣಿಕೆಯನ್ನು ಒಂದರ ಬದಲು ಸೊನ್ನೆಯಿಂದ ಏಕೆ ಶುರು ಮಾಡುತ್ತಾರೆ ಎಂದು ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ ಅದರ ಉಪಯೋಗ ಕಣ್ಣಿಗೇ ಕಾಣುತ್ತದೆ. ಮೊದಲ ಸಾಲಿನ ಅಂಕಿ ಸೊನ್ನೆ, ಆದ್ದರಿಂದ ಅದರ ಅಲುಗಾಟವೂ ಸೊನ್ನೆ. ಕಷ್ಟವಿರುವುದು ಚೌಕ ತಿರುಗಿಸುವುದರಲ್ಲಿ. 'ರೊಟೇಟ್' ತಿರುಗಿಸುವುದು ಚೌಕವನ್ನಲ್ಲ, ಇಡೀ ಹಾಳೆಯನ್ನು. ಒಂದು ಚೌಕ ಬರೆದ ಮೇಲೆ ಹಾಳೆಯನ್ನು ಮೊದಲಿನ ಸ್ಥಿತಿಗೆ ತರದಿದ್ದರೆ ಉಳಿದವೆಲ್ಲ ಅಂಚು ದಾಟಿ ಎಲ್ಲೋ ಹೋಗಿಬಿಡುತ್ತವೆ. ಇದಕ್ಕೆ ಒಂದು ಭಾನುವಾರ ಪೂರ್ತಿ ಬೇಕಾದರೂ ಕೊಡಿ. ಬೇರೆಯವರ ಸ್ಕೆಚ್ ನಕಲು ಮಾಡಿ ಬಣ್ಣ ಬದಲಿಸಿದರೆ ಚಂದದ ಚಿತ್ರವೇನೋ ಸಿಗುತ್ತದೆ, ಈ ತಿಳಿವಳಿಕೆ ಸಿಗುವುದಿಲ್ಲ.

ನಮ್ಮ ಅಂಗಳಕ್ಕೂ ಈ ಲೆಕ್ಕ ಹೊಸದಲ್ಲ. ಚುಕ್ಕಿ ರಂಗೋಲಿಯಲ್ಲಿ ಏಳರಿಂದ ಒಂದರವರೆಗೆ ಚುಕ್ಕಿ ಇಳಿಸುವುದೆಂದರೆ ಒಂದೊಂದೇ ಕಡಿಮೆಯಾಗುವ ಲೂಪ್. ತಮಿಳರ ಕೋಲಂ ಬಗ್ಗೆಯಂತೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ಪ್ರಬಂಧ ಪ್ರಕಟಿಸಿ, ಆ ಚಿತ್ರಗಳನ್ನು ಹುಟ್ಟಿಸುವ ವ್ಯಾಕರಣವನ್ನು ಕಂಪ್ಯೂಟರ್ ವಿಜ್ಞಾನದ ಭಾಷೆಯಲ್ಲಿ ಬರೆದರು.

ಕಂಪ್ಯೂಟರೇ ಇಲ್ಲದೆ ಶುರು ಮಾಡಿದವರೂ ಇದ್ದಾರೆ. ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ವೆರಾ ಮೋಲ್ನಾರ್ 1959ರಿಂದ 'ಕಾಲ್ಪನಿಕ ಯಂತ್ರ' ಎಂಬ ವಿಧಾನ ಹಿಡಿದರು. ತಾವೇ ನಿಯಮ ಬರೆದು, ತಾವೇ ಯಂತ್ರವಾಗಿ, ಆ ನಿಯಮ ಮುರಿಯದೆ ಕೈಯಲ್ಲಿ ಚಿತ್ರ ಬರೆಯುತ್ತಿದ್ದರು. ನಿಜವಾದ ಕಂಪ್ಯೂಟರ್ ಅವರ ಕೈಗೆ ಸಿಕ್ಕಿದ್ದು 1968ರಲ್ಲಿ. 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನೂರು ತುಂಬಲು ಒಂದು ತಿಂಗಳಷ್ಟೇ ಬಾಕಿ ಇತ್ತು.

ಕಂಪ್ಯೂಟರ್ ಇಲ್ಲದ ಅಥವಾ ಇದ್ದೂ ಕೆಟ್ಟು ಕೂತ ಶಾಲೆಯ ಮೇಷ್ಟರು ಮೋಲ್ನಾರ್ ದಾರಿ ಹಿಡಿಯಬಹುದು. ಎಂಟು ಮಕ್ಕಳು, ಒಂದು ಗ್ರಾಫ್ ಹಾಳೆ, ಒಂದು ರೂಪಾಯಿ ನಾಣ್ಯ. ಸಾಲುಗಳಿಗೆ ಸೊನ್ನೆಯಿಂದ ಏಳರವರೆಗೆ ಅಂಕಿ ಕೊಡಿ, ಮಗುವಿಗೊಂದು ಸಾಲು, ಸಾಲಿಗೆ ಆರು ಚೌಕ. ಪ್ರತಿ ಚೌಕಕ್ಕೂ ಸಾಲಿನ ಅಂಕಿಯಷ್ಟು ಸಲ ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ ಒಂದು ಮಿಲಿಮೀಟರ್ ಬಲಕ್ಕೆ, ಟೇಲ್ ಬಿದ್ದರೆ ಒಂದು ಮಿಲಿಮೀಟರ್ ಎಡಕ್ಕೆ. ಏಳರ ಸಾಲಿನ ಮಗು ನಲವತ್ತೆರಡು ಸಲ ಚಿಮ್ಮುತ್ತಾ ಕೂತಿರುತ್ತದೆ. ಸೊನ್ನೆಯ ಸಾಲಿನ ಮಗು ಸ್ಕೇಲಿಟ್ಟು ಆರು ಚೌಕ ಎಳೆದು ಆಗಲೇ ಎದ್ದು ಬಂದು, ಉಳಿದವರ ಗೆರೆಗಳು ಚದುರುವುದನ್ನು ನೋಡುತ್ತಾ ನಿಂತಿರುತ್ತದೆ.